ಊಜಿ ಡಬ್ಬಿ ಬಂದ ದಾರಿ



ಮಾವಿನ ಕಾಲ ಬಂತೆಂದರೆ ನಮ್ಮ ತೋಪುಗಳಲ್ಲಿ ಊಜಿ ನೊಣದ ಡಬ್ಬಿಗಳು ತೂಗಾಡುತ್ತವೆ. ಇದು ಪರದೇಶದ ಔಷಧಿ ಅಂತ ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಹಾಗಲ್ಲ, ಇದರ ಬೇರು ಬಿಹಾರದ ಪೂಸಾದಲ್ಲಿದೆ.

ಅಲ್ಲಿನ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಹೌಲೆಟ್ ಎಂಬ ಕೀಟತಜ್ಞರಿದ್ದರು. ಅವರ ನೆರೆಯವರೊಬ್ಬರು ಸೊಳ್ಳೆ ಬಾರದಿರಲಿ ಅಂತ ಕರವಸ್ತ್ರಕ್ಕೆ ಸಿಟ್ರೊನೆಲ್ಲಾ ಎಣ್ಣೆ ಹಚ್ಚಿಕೊಂಡರೆ ಹಣ್ಣುನೊಣಗಳು ಬಂದು ಮುತ್ತಿದವು! ಹಿಡಿದು ನೋಡಿದರೆ ಎಲ್ಲಾ ಗಂಡು. ಹೌಲೆಟ್ 1912ರಲ್ಲಿ ಇದನ್ನು ಬರೆದಿಟ್ಟರು. ಗಂಡು ನೊಣವನ್ನು ಎಳೆಯುವ ವಸ್ತು ಮೀಥೈಲ್ ಯೂಜಿನಾಲ್ ಎಂದು 1915ರಲ್ಲಿ ತೋರಿಸಿದರು. ನಮ್ಮ ಮನೆ ಮುಂದಿನ ತುಳಸಿಯಲ್ಲೂ ಅದು ಉಂಟು.

ಇಷ್ಟು ಒಳ್ಳೆಯ ಉಪಾಯ ರೈತನ ಕೈಗೆ ಬರಲು ಬಹಳ ಕಾಲ ಹಿಡಿಯಿತು. ನಡುವೆ ವಿಷದ ಪುಡಿಗಳ ಕಾಲ ಬಂತು. ಡಿಡಿಟಿಯ ಗುಣ ಕಂಡುಹಿಡಿದ ಮುಲ್ಲರ್ ಅವರಿಗೆ 1948ರಲ್ಲಿ ನೊಬೆಲ್ ಬಹುಮಾನವೇ ಸಿಕ್ಕಿತು. ನಮ್ಮ ತಂದೆಯವರ ಕಾಲದಲ್ಲಿ ಗ್ಯಾಮಕ್ಸಿನ್ ಪುಡಿಯನ್ನು ಬರಿಗೈಲಿ ಎರಚುತ್ತಿದ್ದರು. ಆ ವಾಸನೆ ನಮಗೆ ಇನ್ನೂ ನೆನಪಿದೆ. ಕೃಷಿಯಲ್ಲಿ ಡಿಡಿಟಿ 1989ರಲ್ಲಿ ನಿಂತಿತು, ಗ್ಯಾಮಕ್ಸಿನ್ ಅಂದ್ರೆ ಬಿಎಚ್‌ಸಿ 1997ರಲ್ಲಿ ನಿಷೇಧವಾಯಿತು.

ಅಷ್ಟಕ್ಕೂ ಊಜಿಗೆ ಮೇಲಿನಿಂದ ಹೊಡೆದು ಏನು ಪ್ರಯೋಜನ? ಹೆಣ್ಣು ನೊಣ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಹುಳು ತಿರುಳಿನಲ್ಲೇ ಬೆಳೆಯುತ್ತದೆ, ಹಣ್ಣು ಉದುರಿದ ಮೇಲೆ ಮಣ್ಣಿಗಿಳಿದು ಕೋಶವಾಗುತ್ತದೆ. ಹೊರಗೆ ಚೆನ್ನಾಗಿ ಕಾಣುವ ಕಾಯಿ ಮಂಡಿಯಲ್ಲಿ ಕೊಯ್ದಾಗ ಹುಳು. ಆಗ ಇಡೀ ಲೋಡಿನ ರೇಟು ಬಿತ್ತು ಅಂತಲೇ ಲೆಕ್ಕ.

ಪೂಸಾದಲ್ಲಿ ಕಂಡದ್ದನ್ನು ದೊಡ್ಡದಾಗಿ ಮಾಡಿ ತೋರಿಸಿದ್ದು ಶಾಂತಸಾಗರದ ರೋಟಾ ಎಂಬ ದ್ವೀಪದಲ್ಲಿ. ಮೀಥೈಲ್ ಯೂಜಿನಾಲ್ ಮತ್ತು ವಿಷದಲ್ಲಿ ಅದ್ದಿದ ತುಂಡುಗಳನ್ನು ದ್ವೀಪದ ತುಂಬ ಚೆಲ್ಲಿ, 1965ರ ಹೊತ್ತಿಗೆ ಈ ನೊಣದ ಸಂತತಿಯನ್ನೇ ಅಳಿಸಿದರು. ಗಂಡೇ ಇಲ್ಲದಿದ್ದರೆ ಹೆಣ್ಣಿನ ಮೊಟ್ಟೆ ಒಡೆಯುವುದೆಲ್ಲಿ?

ನಮ್ಮೂರು ದ್ವೀಪವಲ್ಲ. ಒಬ್ಬರು ಕಟ್ಟಿ ಪಕ್ಕದವರು ಬಿಟ್ಟರೆ ಆಚೆ ತೋಪಿನ ಬಸುರಿ ನೊಣ ಬೇಲಿ ದಾಟಿ ಬರುತ್ತದೆ. ಆದ್ದರಿಂದ ಕೊಯ್ಲಿಗೆ ಒಂದೂವರೆ ತಿಂಗಳ ಮೊದಲೇ ಎಲ್ಲರೂ ಒಟ್ಟಿಗೆ ಕಟ್ಟಬೇಕು, ಉದುರಿದ ಹಣ್ಣನ್ನು ಆಯ್ದು ಆಳವಾಗಿ ಹೂಳಬೇಕು. ಹೀರೆ, ಹಾಗಲದ ಚಪ್ಪರಕ್ಕೆ ಈ ಡಬ್ಬಿ ನಡೆಯದು, ಅಲ್ಲಿಯ ನೊಣವೇ ಬೇರೆ. ಅದಕ್ಕೆ ಕ್ಯೂಲ್ಯೂರ್ ಎಂದು ಕೇಳಿ ತೆಗೆದುಕೊಳ್ಳಿ.