ಸಂಸ್ಕಾರ (ಚಲನಚಿತ್ರ)

ಯು. ಆರ್. ಅನಂತಮೂರ್ತಿಯವರ 1965ರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ಮಿಸಿ ನಿರ್ದೇಶಿಸಿದ ಕಪ್ಪು-ಬಿಳುಪು ಕನ್ನಡ ಚಿತ್ರ. ತೆರೆಕಂಡ ವರ್ಷ 1970. ಕನ್ನಡದ ಹೊಸ ಅಲೆಯ ಸಿನಿಮಾ ಇಲ್ಲಿಂದಲೇ ಶುರುವಾಯಿತೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ರಾಷ್ಟ್ರಮಟ್ಟದ ಅತ್ಯುತ್ತಮ ಕಥಾಚಿತ್ರ ಪ್ರಶಸ್ತಿ ಪಡೆದ ಮೊದಲ ಕನ್ನಡ ಚಿತ್ರವೂ ಇದೇ. ಆದರೂ ಪ್ರೇಕ್ಷಕರು ಈ ಚಿತ್ರದ ವಿಷಯದಲ್ಲಿ ಇಂದಿಗೂ ಒಮ್ಮತಕ್ಕೆ ಬಂದಿಲ್ಲ.

ಪ್ರಾಣೇಶಾಚಾರ್ಯರ ಪಾತ್ರದಲ್ಲಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ ನಟಿಸಿದ್ದಾರೆ. ಚಿತ್ರಕಥೆ ಕಾರ್ನಾಡರದು. ಛಾಯಾಗ್ರಹಣ ಆಸ್ಟ್ರೇಲಿಯದ ಟಾಮ್ ಕೋವನ್ ಅವರದು. ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು. ಶೃಂಗೇರಿ ಸಮೀಪದ ವೈಕುಂಠಪುರದಲ್ಲಿ ಚಿತ್ರೀಕರಣ ನಡೆಯಿತು. ನಿರ್ದೇಶಕರು ಮೂಲತಃ ತೆಲುಗು ಕವಿ.

ಈ ಕಥೆ ಹುಟ್ಟಿದ್ದರ ಹಿಂದೆಯೂ ಒಂದು ಸಿನಿಮಾ ಇದೆ. ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ ಅನಂತಮೂರ್ತಿಯವರು ತಮ್ಮ ಗುರು ಮಾಲ್ಕಂ ಬ್ರಾಡ್‌ಬರಿಯವರ ಜೊತೆ ಇಂಗ್ಮಾರ್ ಬರ್ಗ್‌ಮನ್ನನ 'ದಿ ಸೆವೆಂತ್ ಸೀಲ್' ನೋಡಿದರು. ಭಾಷೆ ತಿಳಿಯದೆ ನೋಡಿದ ಆ ಸ್ವೀಡಿಷ್ ಚಿತ್ರ ತಮ್ಮೊಳಗೆ ಈ ಕಾದಂಬರಿಯನ್ನು ಎಬ್ಬಿಸಿತೆಂದು ಮುಂದೆ ಹೇಳಿಕೊಂಡರು. ಅಲ್ಲಿಯೂ ಪ್ಲೇಗು, ಇಲ್ಲಿಯೂ ಪ್ಲೇಗು. ಉತ್ತರ ಕೊಡದ ದೇವರು ಎರಡರಲ್ಲೂ ಇದ್ದಾನೆ.

ದೂರ್ವಾಸಪುರವೆಂಬ ಮಾಧ್ವ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಬದುಕಿದ್ದಾಗ ಅವನು ಮದ್ಯ-ಮಾಂಸ ಸೇವಿಸಿದವನು, ಸಾಲಿಗ್ರಾಮವನ್ನು ಹೊಳೆಗೆಸೆದವನು, ಚಂದ್ರಿಯನ್ನು ಮನೆಯಲ್ಲಿ ಇಟ್ಟುಕೊಂಡವನು. ಬಹಿಷ್ಕಾರ ಹಾಕಿದರೆ ಮುಸಲ್ಮಾನನಾಗುತ್ತೇನೆಂದು ಹೆದರಿಸಿದ್ದರಿಂದ ಅವನನ್ನು ಜಾತಿಯಿಂದ ಹೊರಗಿಟ್ಟಿರಲಿಲ್ಲ. ಹಾಗಾಗಿ ಸತ್ತ ಮೇಲೂ ಅವನು ಬ್ರಾಹ್ಮಣನೇ, ಹೆಣಕ್ಕೆ ಬ್ರಾಹ್ಮಣನೇ ಸಂಸ್ಕಾರ ಮಾಡಬೇಕು. ಮಾಡುವವರು ಯಾರು? ಚಂದ್ರಿ ತನ್ನ ಬಂಗಾರವನ್ನೆಲ್ಲ ಬಿಚ್ಚಿ ಪ್ರಾಣೇಶಾಚಾರ್ಯರ ಮುಂದಿಟ್ಟಾಗ, ಆವರೆಗೆ ಒಲ್ಲೆ ಎಂದವರ ಮನೆಗಳಲ್ಲಿ ಆಸೆ ಮಿಸುಕಾಡುತ್ತದೆ. ಆಚಾರ್ಯರು ಶಾಸ್ತ್ರ ತಿರುವಿ ಹಾಕುತ್ತಾರೆ, ಮಾರುತಿಯ ಪ್ರಸಾದಕ್ಕೆ ಕಾಯುತ್ತಾರೆ. ಹೂ ಬೀಳುವುದಿಲ್ಲ. ಅದೇ ರಾತ್ರಿ ಕಾಡಿನಲ್ಲಿ, ಹಸಿದು ಬಳಲಿದ ಆಚಾರ್ಯರಿಗೆ ಚಂದ್ರಿ ಎದುರಾಗುತ್ತಾಳೆ.

ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಹಿಡಿಯಿತು. ಜಾತಿ ವಿಷಯದಲ್ಲಿ ಜನರ ನಡುವೆ ಗಲಭೆ ಎದ್ದೀತೆಂಬುದು ಅದಕ್ಕೆ ಕೊಟ್ಟ ಕಾರಣ. ಕೊನೆಗೆ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ ತಡೆಯನ್ನು ತೆರವು ಮಾಡಿತು. ನಿಷೇಧಕ್ಕೆ ಗುರಿಯಾದ ಚಿತ್ರವೇ ದೇಶದ ಅತ್ಯುನ್ನತ ಪ್ರಶಸ್ತಿಯನ್ನೂ ಪಡೆದದ್ದರಿಂದ ಜನರ ಅಭಿಪ್ರಾಯಗಳು ಇನ್ನಷ್ಟು ಗಟ್ಟಿಯಾದವು. 1972ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿಯೂ ಮನ್ನಣೆ ದೊರೆಯಿತು.

ಆಕ್ಷೇಪಣೆಗಳೆಲ್ಲ ಒಂದೇ ದಿಕ್ಕಿನಿಂದ ಬಂದವಲ್ಲ. ಸಂಪ್ರದಾಯಸ್ಥರಿಗೆ, ಅದರಲ್ಲೂ ಮಾಧ್ವರಲ್ಲಿ ಹಲವರಿಗೆ, ತಮ್ಮ ಸಮಾಜವನ್ನು ಹೊಟ್ಟೆಬಾಕರ ಗುಂಪಿನಂತೆ ತೋರಿಸಿದ್ದಾರೆ ಎಂಬ ನೋವು. ಇನ್ನೊಂದು ಬದಿಯ ದೂರು ಇದಕ್ಕೆ ತೀರ ವಿರುದ್ಧ: ಕಥೆ ಅಗ್ರಹಾರವನ್ನು ಬಿಟ್ಟು ಹೊರಗೆ ಬರುವುದೇ ಇಲ್ಲ, ಕೆಳಜಾತಿಯ ಹೆಣ್ಣಾದ ಚಂದ್ರಿ ಒಬ್ಬ ಬ್ರಾಹ್ಮಣನ ಬಿಡುಗಡೆಗೆ ಬರಿಯ ಮೆಟ್ಟಿಲಾಗುತ್ತಾಳೆ. ಈ ಎರಡನೆಯ ಮಾತಿನಲ್ಲಿ ಹುರುಳಿದೆ. ಕಾದಂಬರಿಯಲ್ಲಿ ಪ್ಲೇಗಿನಿಂದ ದಲಿತರು ಗುಡಿಸಲುಗಳಲ್ಲಿ ಸಾಯುತ್ತಾರೆ, ಹೆಣದ ಸಮೇತ ಗುಡಿಸಲಿಗೆ ಬೆಂಕಿ ಇಡುತ್ತಾರೆ. ಒಂದೇ ಒಂದು ಹೆಣಕ್ಕಾಗಿ ಧರ್ಮಗ್ರಂಥಗಳನ್ನು ಮಗುಚುತ್ತಿರುವ ಅಗ್ರಹಾರಕ್ಕೆ ಆ ಸಾವುಗಳು ಲೆಕ್ಕಕ್ಕೇ ಇಲ್ಲ. ಓದುಗನ ಕರುಳು ಕಿವುಚುವ ಈ ಸಂಗತಿ ಕಥೆಯ ಅಂಚಿನಲ್ಲೇ ಉಳಿದುಹೋಗುತ್ತದೆ.

ಮೂರನೆಯ ಬಗೆಯ ಪ್ರೇಕ್ಷಕರಿಗೆ ತಕರಾರಿರುವುದು ಚಿತ್ರದ ನಡೆಯ ಬಗ್ಗೆ: ಬಹಳ ನಿಧಾನ, ಕೊನೆಯಲ್ಲಿ ಏನಾಯಿತೆಂದು ತಿಳಿಯುವುದಿಲ್ಲ, ಹವ್ಯಾಸಿಗಳ ನಟನೆ. ರಾಜಕುಮಾರರ ಚಿತ್ರಗಳಿಗೆ ಹೊಂದಿಕೊಂಡ ಕಣ್ಣಿಗೆ ಹಾಗೆ ಕಾಣುವುದು ಸಹಜವೇ. ಆದರೆ ಆ ನಿಧಾನವನ್ನು ತೆಗೆದರೆ ಕಾಯುವ ಹಿಂಸೆಯೂ ಹೋಗುತ್ತದೆ. ಹೆಣ ಇರುವವರೆಗೆ ಅಗ್ರಹಾರದವರು ಉಣ್ಣುವಂತಿಲ್ಲ, ಪೂಜೆ ಮಾಡುವಂತಿಲ್ಲ. ಆ ಹಸಿವು ನೋಡುವವನ ಹೊಟ್ಟೆಗೂ ತಟ್ಟಬೇಕು.

ಈ ಹಸಿವನ್ನು ವಿಜಯಪುರದ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ತಿಕೋಟಾ, ಬಬಲೇಶ್ವರದ ಕಡೆಯ ಹಳ್ಳಿಗಳಲ್ಲಿ ಓಣಿಯಲ್ಲಿ ಸಾವಾದರೆ 'ಹೆಣ ಎತ್ತೂತನಕ ಒಲಿ ಹಚ್ಚೂದಿಲ್ಲ' ಎನ್ನುತ್ತಾರೆ. ಆದರೆ ಅಲ್ಲಿ ನೆರೆಯವರು ಹಸಿದಿರುವುದು ಸತ್ತವನ ಮನೆಯವರ ದುಃಖದಲ್ಲಿ ಪಾಲು ತೆಗೆದುಕೊಳ್ಳಲು, ಮುಗಿದ ಮೇಲೆ 'ಮಣ್ಣಿಗೆ ಹೋಗಿದ್ದೆ' ಎಂದು ಹೇಳಿಕೊಳ್ಳುವುದು ಋಣ ತೀರಿಸಿದ ನೆಮ್ಮದಿಯಿಂದ. ದೂರ್ವಾಸಪುರದಲ್ಲಿ ಹಸಿವಷ್ಟೇ ಇದೆ, ದುಃಖ ಯಾರಿಗೂ ಇಲ್ಲ. ಅಲ್ಲದೆ ಈ ಜಿಲ್ಲೆಯ ಬಸವನಬಾಗೇವಾಡಿ ಬಸವಣ್ಣನವರ ಊರು. ಸಾವಿನ ಸೂತಕ, ಜಾತಿಯ ಸೂತಕಗಳನ್ನು 12ನೆಯ ಶತಮಾನದಲ್ಲೇ ಅಲ್ಲಗಳೆದ ಶರಣರ ಮಾತು ಕೇಳಿ ಬೆಳೆದವರಿಗೆ ಆಚಾರ್ಯರ ಇಕ್ಕಟ್ಟು ಎಂದೋ ಬಗೆಹರಿದದ್ದೆಂದು ತೋರಬಹುದು. ವಚನ ಬಾಯಲ್ಲಿದ್ದೂ ಊರಿನ ಸ್ಮಶಾನಗಳು ಜಾತಿಗೊಂದಾಗಿ ಉಳಿದಿರುವಾಗ, ಹಾಗೆ ಹೇಳಿ ಮುಗಿಸಲು ಈ ಲೇಖಕನಿಗೆ ಮನಸ್ಸು ಬಾರದು.

ಕಾದಂಬರಿಗೆ ಎ. ಕೆ. ರಾಮಾನುಜನ್ ಮಾಡಿದ ಇಂಗ್ಲಿಷ್ ಅನುವಾದ 1976ರಲ್ಲಿ ಬಂದಿತು. ಮರುವರ್ಷ ವಿ. ಎಸ್. ನೈಪಾಲ್ ಭಾರತದ ಕುರಿತ ತಮ್ಮ ಪುಸ್ತಕದಲ್ಲಿ ಇದನ್ನು ಚರ್ಚಿಸಿದರು. ಅಲ್ಲಿಗೆ ಜಗಳ ಕನ್ನಡದ ಗಡಿಯನ್ನೂ ದಾಟಿತು. ಅನಂತಮೂರ್ತಿಯವರದೇ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ಮಾಡಿದ 'ಘಟಶ್ರಾದ್ಧ' (1977) ಅಗ್ರಹಾರವನ್ನು ಒಬ್ಬ ಹುಡುಗನ ಕಣ್ಣಿಂದ ನೋಡಿತು.

ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯಲ್ಲಿ ಬಂಧಿಸಿ ಬೆಂಗಳೂರಿನ ಜೈಲಿನಲ್ಲಿಟ್ಟರು. ಆಸ್ತಮಾದಿಂದ ನರಳುತ್ತಿದ್ದ ಅವರು ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಇದನ್ನು ತಿಳಿದು ಚಿತ್ರ ನೋಡುವವರಿಗೆ ಚಂದ್ರಿಯ ಮೌನ ಬೇರೆಯಾಗಿಯೇ ಕೇಳಿಸುತ್ತದೆ.

ಆಕೆಗೆ ಮಾತು ಕಡಿಮೆ ಎಂಬ ದೂರು ನಿಜ. ಆದರೆ ಕಥೆಯಲ್ಲಿ ಆಗಬೇಕಾದ ಕೆಲಸವನ್ನು ಮಾಡಿದವಳು ಅವಳೊಬ್ಬಳೇ. ಬ್ರಾಹ್ಮಣರು ಬಾರದಿದ್ದಾಗ ಅವಳು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ಬಳಿ ಹೋಗುತ್ತಾಳೆ. ಹಿಂದೆ ನಾರಣಪ್ಪ ಅವನಿಗೆ ಎತ್ತು ಕೊಳ್ಳಲು ಸಾಲ ಕೊಟ್ಟಿದ್ದ. ರಾತ್ರೋರಾತ್ರಿ ಗಾಡಿ ಬರುತ್ತದೆ, ಹೆಣ ಸುಟ್ಟು ಬೂದಿಯಾಗುತ್ತದೆ, ಚಂದ್ರಿ ಊರು ಬಿಡುತ್ತಾಳೆ. ಬೆಳಗಾದಾಗ ಅಗ್ರಹಾರದವರು ಆ ಹೆಣಕ್ಕೆ ಯಾರು ಬೆಂಕಿ ಇಡಬೇಕೆಂದು ಇನ್ನೂ ಕೇಳುತ್ತಲೇ ಇರುತ್ತಾರೆ.