ತಾಜಮಹಲ್ ಹೋಟೆಲಿನ ಭೂತ

ಮುಂಬಯಿಯ ಅಪೊಲೊ ಬಂದರದಲ್ಲಿರುವ ತಾಜಮಹಲ್ ಹೋಟೆಲಿನ ವಿಷಯವಾಗಿ ಒಂದು ಕಥೆ ಬಹುಕಾಲದಿಂದ ಜನರ ಬಾಯಲ್ಲಿದೆ. ಆ ಕಟ್ಟಡದ ನಕ್ಷೆಯನ್ನು ರಚಿಸಿದವನು ಚೇಂಬರ್ಸ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿಯಂತೆ. ನಕ್ಷೆಯನ್ನು ಇಲ್ಲಿನ ಕೆಲಸಗಾರರ ಕೈಗೆ ಕೊಟ್ಟು ಆತ ವಿಲಾಯತಿಗೆ ಹೋದನಂತೆ. ಹಿಂದಿರುಗಿ ಬಂದು ನೋಡುತ್ತಾನೆ: ಕಡಲಿಗೆ ಮುಖಮಾಡಬೇಕಾಗಿದ್ದ ಸೌಧ ಊರಿಗೆ ಮುಖಮಾಡಿ, ಕಡಲಿಗೆ ಬೆನ್ನು ತಿರುಗಿಸಿ ನಿಂತಿದೆ! ವ್ಯಥೆ ತಾಳಲಾರದೆ ಮೇಲಂತಸ್ತಿನಿಂದ ಧುಮುಕಿ ಪ್ರಾಣಬಿಟ್ಟನಂತೆ. ಅವನ ಪ್ರೇತ ಇಂದಿಗೂ ಹಳೆಯ ಭಾಗದ ಮೊಗಸಾಲೆಗಳಲ್ಲಿ ಸುಳಿಯುತ್ತದಂತೆ.

ಅಂತೆಕಂತೆಗಳ ಈ ಸಂತೆಯಲ್ಲಿ ಭೂತ ಉಂಟೆ, ಇಲ್ಲವೆ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ನನಗೆ ಕುತೂಹಲವಿರುವುದು ಭೂತದ ಗುರುತಿನ ವಿಷಯದಲ್ಲಿ. ಸತ್ತವನು ಯಾರು ಎಂದು ಕೇಳಿದ ಕೂಡಲೆ ಕಥೆ ತೊದಲತೊಡಗುತ್ತದೆ.

ಚರಿತ್ರೆ ಹೇಳುವುದು ಹೀಗಿದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಸಾವಿರಾರು ಜನ ಊರು ಬಿಟ್ಟರು, ವ್ಯಾಪಾರ ಕುಸಿಯಿತು. ಆ ಕಳೆಗುಂದಿದ ದಿನಗಳಲ್ಲಿ, 1898ರಲ್ಲಿ, ಜಮ್‌ಷೆಟ್‌ಜಿ ಟಾಟಾ ಅವರು ಕಡಲಂಚಿನಲ್ಲಿ ಒಂದು ಮಹಾ ಹೋಟೆಲನ್ನು ಕಟ್ಟಿಸಲು ತೊಡಗಿದರು. ವಾಟ್ಸನ್ ಹೋಟೆಲಿನಲ್ಲಿ ಅವರಿಗೆ ಪ್ರವೇಶ ನಿರಾಕರಿಸಿದ್ದೇ ಇದಕ್ಕೆ ಕಾರಣವೆಂದು ಹೇಳುವುದುಂಟು. ಈ ಮಾತಿಗೆ ಗಟ್ಟಿ ಆಧಾರವಿಲ್ಲ. ಸೇಡಿನ ಕಥೆ ಕೇಳಲು ಚೆನ್ನ, ಅಷ್ಟೆ. ಇದಕ್ಕಿಂತ ನನಗೆ ಪ್ರಿಯವಾದದ್ದು ಅವರ ಸೋದರಿ ಆಡಿದರೆನ್ನುವ ಮಾತು: ಬೆಂಗಳೂರಿನಲ್ಲಿ ವಿಜ್ಞಾನಮಂದಿರ ಕಟ್ಟಿಸುತ್ತೀಯೆ, ಉಕ್ಕಿನ ಕಾರ್ಖಾನೆ ಹಾಕುತ್ತೀಯೆ, ಈಗ ಊಟದ ಮನೆಯೊಂದನ್ನೂ ತೆರೆಯುತ್ತೀಯಾ? ವಿಜ್ಞಾನಮಂದಿರ 1909ರಲ್ಲಿ, ಮೈಸೂರು ಅರಸರು ಕೊಟ್ಟ ನೆಲದಲ್ಲಿ ರೂಪುಗೊಂಡಿತು. ಅದನ್ನು ಕಾಣಲು ಜಮ್‌ಷೆಟ್‌ಜಿ ಉಳಿದಿರಲಿಲ್ಲ. ‘ಊಟದ ಮನೆ’ಯನ್ನು ಮಾತ್ರ ಕಂಡರು. 1903ರ ಡಿಸೆಂಬರ್ 16ರಂದು 17 ಮಂದಿ ಅತಿಥಿಗಳೊಡನೆ ಅದು ಬಾಗಿಲು ತೆರೆಯಿತು; 1904ರ ಮೇ ತಿಂಗಳಲ್ಲಿ ಅವರು ಜರ್ಮನಿಯಲ್ಲಿ ತೀರಿಕೊಂಡರು.

ಇನ್ನು ನಕ್ಷೆಯ ಮಾತು. ಹೋಟೆಲಿನ ಮೂಲ ವಾಸ್ತುಶಿಲ್ಪಿ ಚೇಂಬರ್ಸ್ ಅಲ್ಲವೇ ಅಲ್ಲ. ಅದನ್ನು ಕಲ್ಪಿಸಿದವರು ರಾವ್‌ಸಾಹೇಬ್ ಸೀತಾರಾಮ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ. ವಿಕ್ಟೋರಿಯಾ ಟರ್ಮಿನಸ್ಸಿನ ಶಿಲ್ಪಿ ಸ್ಟೀವನ್ಸ್ ಅವರ ಕೈಕೆಳಗೆ ಪಳಗಿದವರು ಈ ವೈದ್ಯರು. ಕಟ್ಟಡ ಪೂರ್ತಿಯಾಗುವ ಮುನ್ನವೇ ವೈದ್ಯರು ಮರಣಹೊಂದಿದರು. ಅಲ್ಲಿಂದ ಮುಂದಕ್ಕೆ ಕೆಲಸವನ್ನು ಕೈಗೆತ್ತಿಕೊಂಡು ಮುಗಿಸಿದವರು ಡಬ್ಲ್ಯು. ಎ. ಚೇಂಬರ್ಸ್. ಅವರು ಹೋಟೆಲಿನಿಂದ ಹಾರಿಕೊಂಡದ್ದಕ್ಕೆ ಯಾವ ದಾಖಲೆಯೂ ಇಲ್ಲ. ಒಳಗಿನ ಪ್ರಖ್ಯಾತವಾದ ಮೆಟ್ಟಿಲಸಾಲು, ಆಧಾರವಿಲ್ಲದೆ ಗಾಳಿಯಲ್ಲಿ ತೇಲಿದಂತೆ ತೋರುವ ಆ ಸೋಪಾನ, ಗುತ್ತಿಗೆದಾರರಾದ ಸೊರಾಬ್ಜಿ ರತನ್‌ಜಿ ಅವರ ಕಲ್ಪನೆ.

ಮುಖ ಹಿಂದುಮುಂದಾದದ್ದೂ ಪ್ರಮಾದವಲ್ಲ. ಅಂದು ಅತಿಥಿಗಳು ಕುದುರೆಗಾಡಿಗಳಲ್ಲಿ ಊರಿನ ಕಡೆಯಿಂದ ಬರುತ್ತಿದ್ದರು. ಆದ್ದರಿಂದ ಬಾಗಿಲು ಪಶ್ಚಿಮಕ್ಕೆ. ಎರಡು ತೋಳುಗಳು ಊರಿನತ್ತ ಚಾಚಿ ನಡುವೆ ಅಂಗಳವೊಂದನ್ನು ಬಳಸಿದ್ದವು. ಹೀಗೆ ಬಾಗಿಲನ್ನು ಹಿಂದಕ್ಕಿಟ್ಟದ್ದರಿಂದ ಕಡಲ ನೋಟವೂ ಗಾಳಿಯೂ ಕೋಣೆಗಳ ಪಾಲಿಗೆ ಉಳಿದವು. ಸೆಕೆಯ ಮುಂಬಯಿಯನ್ನು ಬಲ್ಲವನು ಮಾಡುವ ಯೋಜನೆ ಇದು. ಗೇಟ್‌ವೇ ಆಫ್ ಇಂಡಿಯಾ ಪೂರ್ಣಗೊಂಡದ್ದು 1924ರಲ್ಲಿ ಎಂಬುದನ್ನೂ ನೆನೆಯಬೇಕು. ಮುಂದೆ ಬಾಗಿಲು ಕಡಲ ಕಡೆಗೆ ಬಂತು, ಹಳೆಯ ಅಂಗಳದಲ್ಲಿ ಈಜುಕೊಳವಾಯಿತು. ಹಳೆಯ ಮುಖ ಹಿತ್ತಿಲಾದ ಮೇಲೆ ಕಥೆಗೆ ಕಣ್ಣೆದುರಿನ ಸಾಕ್ಷಿಯೂ ದೊರೆತಂತಾಯಿತು.

ಇಂಥ ಕಥೆ ತಾಜಮಹಲ್ ಹೋಟೆಲಿಗೆ ಮಾತ್ರ ಸೇರಿದ್ದಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ 1901ರಲ್ಲಿ ತೆರೆದ ಕೆಲ್ವಿನ್‌ಗ್ರೋವ್ ಕಲಾಶಾಲೆಗೂ ಇದೇ ಐತಿಹ್ಯ ಅಂಟಿಕೊಂಡಿದೆ: ಹಿಂದುಮುಂದಾಗಿ ಕಟ್ಟಿದರು, ಶಿಲ್ಪಿ ಗೋಪುರದಿಂದ ಹಾರಿ ಸತ್ತ. ವಾಸ್ತವದಲ್ಲಿ ಅದರ ಶಿಲ್ಪಿಗಳಲ್ಲೊಬ್ಬರಾದ ಸಿಂಪ್ಸನ್ 1933ರವರೆಗೆ ಬದುಕಿದ್ದರು. ನಮ್ಮ ಬೇಲೂರಿನಲ್ಲಿಯೂ ಕಪ್ಪೆ ಅಡಗಿದ್ದ ಕಲ್ಲನ್ನು ಆರಿಸಿದೆನೆಂದು ಜಕಣಾಚಾರಿ ತನ್ನ ಕೈಯನ್ನೇ ಕಡಿದುಕೊಂಡನಲ್ಲವೆ? ಆ ಗುಡಿಯ ಶಾಸನಾಕ್ಷರಗಳಲ್ಲಿರುವ ಹೆಸರುಗಳು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರದು. ಜನಕ್ಕೆ ನೆನಪಿರುವುದು ಮಾತ್ರ ಜಕಣಾಚಾರಿ. ಭವ್ಯವಾದ ಕಟ್ಟಡಕ್ಕೆ ಒಂದು ಬಲಿ ಬೇಕೆಂದು ಜನಮನ ಬಯಸುತ್ತದೆಯೋ ಏನೋ.

ಬಲಿಯ ಬಯಕೆಯನ್ನು ಕ್ಷಮಿಸಬಹುದು. ಆದರೆ ಮುಂಬಯಿಯ ಕಥೆಯಲ್ಲಿ ಇನ್ನೊಂದು ವಿಷ ಸೇರಿದೆ. ಅದು ಮಾತಾಡದೆಯೇ ಹೇಳುವುದೇನು? ಇಷ್ಟು ದೊಡ್ಡ ಸೌಧವನ್ನು ಕಲ್ಪಿಸಬಲ್ಲವನು ಬಿಳಿಯನೇ ಇರಬೇಕು. ಕೆಡಿಸಿದವರು ನಕ್ಷೆಯನ್ನು ಓದಲರಿಯದ ನಮ್ಮವರು. ಭಾರತೀಯನೊಬ್ಬ ಹಣ ಹೂಡಿ, ಭಾರತೀಯರು ನಕ್ಷೆ ಬರೆದು, ಭಾರತೀಯನೇ ಮೇಲೆಬ್ಬಿಸಿದ ಕಟ್ಟಡವಿದು. ಅದರ ಬಗ್ಗೆ ನಾವೇ ಈ ಕಥೆಯನ್ನು ಬಾಯಿ ಚಪ್ಪರಿಸಿ ಹೇಳಿಕೊಂಡು ಬಂದಿದ್ದೇವೆ. ನಿಜವಾಗಿ ಕೆಲಸದ ನಡುವೆ ಸತ್ತವರು ವೈದ್ಯರು. ಅಲೆಯುವ ಹಕ್ಕು ಯಾವುದಾದರೂ ಪ್ರೇತಕ್ಕೆ ಇದ್ದಲ್ಲಿ ಅದು ಅವರದಾಗಿರಬೇಕಿತ್ತು. ಭೂತದ ಪದವಿಯನ್ನೂ ನಾವು ಅವರಿಗೆ ಕೊಡಲಿಲ್ಲ.

ಸಾವು ಆ ಮನೆಯನ್ನು ಬೇರೆ ಬಗೆಗಳಲ್ಲಿಯೂ ಕಂಡಿದೆ. ಮೊದಲನೆಯ ಮಹಾಯುದ್ಧದಲ್ಲಿ ಅದು 600 ಹಾಸಿಗೆಗಳ ಆಸ್ಪತ್ರೆಯಾಗಿತ್ತು. 2008ರ ನವೆಂಬರ್ 26ರ ರಾತ್ರಿ ಭಯೋತ್ಪಾದಕರು ಒಳನುಗ್ಗಿದರು. ಬೆಂಕಿ ಗುಮ್ಮಟದ ಬುಡದವರೆಗೂ ಏರಿತು. ಅತಿಥಿಗಳನ್ನು ಹಿಂದಿನ ದಾರಿಗಳಿಂದ ಪಾರುಮಾಡುತ್ತ ಅಡುಗೆಯವರೂ ಪರಿಚಾರಕರೂ ಗುಂಡಿಗೆ ಸಿಕ್ಕಿ ಬಿದ್ದರು. ಒಟ್ಟು 31 ಜನ ಅಲ್ಲಿ ಅಸುನೀಗಿದರು. ಹಳೆಯ ಭಾಗ 2010ರ ಆಗಸ್ಟ್ 15ರಂದು ಮತ್ತೆ ತೆರೆಯಿತು. ಮಡಿದವರ ಹೆಸರುಗಳನ್ನು, ಒಂದನ್ನೂ ಬಿಡದೆ, ಒಳಗಿನ ಸ್ಮಾರಕದಲ್ಲಿ ಬರೆದಿಟ್ಟಿದ್ದಾರೆ.