ಸುರಂಜನ್ ದಾಸ್ ಅಂದರೆ ಯಾರು?

ಬೆಂಗಳೂರಿನಲ್ಲಿ ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ರಸ್ತೆ ನಿಮಗೆಲ್ಲ ಗೊತ್ತಿರಬಹುದು, ಸುರಂಜನ್ ದಾಸ್ ರೋಡ್. ಚೇಳೂರಿನಿಂದ ಹೋದ ನಾನು ವರ್ಷಗಟ್ಟಲೆ ಅಲ್ಲಿ ಓಡಾಡಿದ್ದೇನೆ. ಯಾರೋ ಬಂಗಾಳದ ರಾಜಕಾರಣಿ ಇರಬೇಕು ಅಂದುಕೊಂಡಿದ್ದೆ!

ಅಲ್ಲ. ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಒಬ್ಬ ಟೆಸ್ಟ್ ಪೈಲಟ್.

1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಭಾರತದ ಮೊದಲ ಜೆಟ್ ಯುದ್ಧವಿಮಾನದ ವಿನ್ಯಾಸಕ್ಕೆ ಕೈಹಾಕಿದರು. ಅದೇ ಎಚ್‌ಎಫ್-24 ಮಾರುತ್. 1961ರ ಜೂನ್ 17ರಂದು ಅದನ್ನು ಮೊದಲು ಆಕಾಶಕ್ಕೆ ಏರಿಸಿದವರು ದಾಸ್.

ಆದರೆ ಮಾರುತ್‌ಗೆ ಒಂದು ಕೊರಗು ಕೊನೆವರೆಗೂ ಉಳಿಯಿತು. ವಿನ್ಯಾಸಕ್ಕೆ ತಕ್ಕ ಎಂಜಿನ್ ಸಿಗಲೇ ಇಲ್ಲ. ಎಣಿಸಿದ್ದ ಬ್ರಿಟಿಷ್ ಎಂಜಿನ್ ಕೈತಪ್ಪಿ, ಕಡಿಮೆ ಶಕ್ತಿಯ ಆರ್ಫಿಯಸ್‌ನಲ್ಲೇ ತೃಪ್ತಿಪಡಬೇಕಾಯಿತು. ಅದಕ್ಕೇ ಆಫ್ಟರ್‌ಬರ್ನರ್ ಜೋಡಿಸಿ (ಹಿಂಬದಿಯಲ್ಲಿ ಮತ್ತಷ್ಟು ಇಂಧನ ಉರಿಸಿ ವೇಗ ಪಡೆಯುವ ಉಪಾಯ) ಪರೀಕ್ಷೆ ನಡೆಸಿದರು. 1970ರ ಜನವರಿ 10ರಂದು ಅಂಥ ಒಂದು ವಿಮಾನ ಎಚ್‌ಎಎಲ್ ನಿಲ್ದಾಣದಿಂದ ಮೇಲೇರುತ್ತಲೇ ಬಿತ್ತು. ದಾಸ್ ತೀರಿಕೊಂಡರು. ಆ ವರ್ಷವೇ ಮರಣೋತ್ತರ ಪದ್ಮಭೂಷಣ ಬಂತು. ಮರುವರ್ಷ, 1971ರ ಯುದ್ಧದಲ್ಲಿ, ಮಾರುತ್‌ಗಳು ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು. ನೋಡಲು ದಾಸ್ ಇರಲಿಲ್ಲ...

ಏರುವಾಗ, ಇಳಿಯುವಾಗಲೇ ಯಾಕೆ ಹೀಗಾಗುತ್ತದೆ? ಆಗ ವೇಗವೂ ಕಡಿಮೆ, ಎತ್ತರವೂ ಕಡಿಮೆ. ಮೇಲೆ ಏನಾದರೂ ಕೆಟ್ಟರೆ ಯೋಚಿಸಲು ನಿಮಿಷಗಳಿರುತ್ತವೆ, ನೆಲದ ಹತ್ತಿರ ಬರೀ ಸೆಕೆಂಡುಗಳು. 2019ರ ಫೆಬ್ರವರಿ 1ರಂದು ಇದೇ ಎಚ್‌ಎಎಲ್ ನಿಲ್ದಾಣದಲ್ಲಿ ಮಿರಾಜ್ 2000 ಪರೀಕ್ಷಾ ಹಾರಾಟಕ್ಕೆ ಹೊರಟಾಗಲೂ ಅಪಘಾತವಾಯಿತು. ಸ್ಕ್ವಾಡ್ರನ್ ಲೀಡರ್‌ಗಳಾದ ಸಮೀರ್ ಅಬ್ರೋಲ್ ಮತ್ತು ಸಿದ್ಧಾರ್ಥ ನೇಗಿ ಹೊರಕ್ಕೆ ಜಿಗಿದರೂ ಬದುಕಲಿಲ್ಲ.

ಈಗ ಯಾಕೆ ಇದೆಲ್ಲ ನೆನಪಾಯಿತು ಅಂತೀರಾ? ಹಲಸಿಗೆ ಹೆಸರಾದ ನಮ್ಮ ಗುಬ್ಬಿ ತಾಲ್ಲೂಕಿಗೂ ಎಚ್‌ಎಎಲ್ ಬಂದಿದೆ. ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಊರಿನಲ್ಲಿ ಮಾತೆಲ್ಲ ಜಮೀನಿನ ರೇಟು, ಹುಡುಗರ ಕೆಲಸದ್ದೇ. ತಪ್ಪಲ್ಲ ಬಿಡಿ. ಆದರೆ ಯಾವುದೇ ಯಂತ್ರ ಕಾರ್ಖಾನೆಯಿಂದ ಹೊರಬಂದ ಮೇಲೆ ಅದನ್ನು ಯಾರಾದರೂ ಒಬ್ಬರು ಮೊದಲು ಹಾರಿಸಲೇಬೇಕು. ಕಾಗದದ ಮೇಲೆ ಉಳಿದ ತಪ್ಪು ಮೊದಲು ಸಿಗುವುದು ಅವರ ಕೈಗೆ.

ಮುಂದಿನ ಸಲ ಆ ರಸ್ತೆಯ ಸಿಗ್ನಲ್‌ನಲ್ಲಿ ನಿಂತಾಗ ಬೋರ್ಡನ್ನು ಒಮ್ಮೆ ಓದಿ. ಪಕ್ಕದಲ್ಲಿ ಮಕ್ಕಳಿದ್ದರೆ, ಅವರಿಗೂ ಹೇಳಿ.